ಹಕ್ಕಿಗಳ ಸಂಘಕ್ಕೆ ಯಜಮಾನರು ಯಾರು?



ನಿಮ್ಮ ಊರಲ್ಲಿ ಹಾಲಿನ ಸಂಘ ಇದ್ದೀತು, ಸಾಲ ಕೊಡುವ ಸಹಕಾರ ಸಂಘವೂ ಇದ್ದೀತು. ಷೇರು ಹಾಕಿದವರು ಸದಸ್ಯರು, ಸದಸ್ಯರು ಆರಿಸಿದವರು ಡೈರೆಕ್ಟರುಗಳು. ವರ್ಷಕ್ಕೊಮ್ಮೆ ಮಹಾಸಭೆ. ಅಲ್ಲಿ ಲೆಕ್ಕ ಓದುವಾಗ ಹಿಂದಿನ ಸಾಲಿನಲ್ಲಿ ಕೂತವರೊಬ್ಬರು ಎದ್ದು "ಆ ಖರ್ಚು ಯಾತಕ್ಕೆ ಸ್ವಾಮಿ?" ಅಂತ ಕೇಳುತ್ತಾರೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಆದರೆ ಹಕ್ಕಿಗಳಿಗಾಗಿ ಒಂದು ಸಂಘ ಕಟ್ಟಿದರೆ? ಹಕ್ಕಿ ಷೇರು ಹಾಕುವುದಿಲ್ಲ, ಮಹಾಸಭೆಗೆ ಬರುವುದಿಲ್ಲ, ಲೆಕ್ಕವನ್ನೂ ಕೇಳುವುದಿಲ್ಲ. ಹಾಗಿದ್ದ ಮೇಲೆ ಸಂಘದ ದುಡ್ಡು ಹಕ್ಕಿಯ ಕೆಲಸಕ್ಕೇ ಹೋಗುತ್ತದೆ ಎಂದು ನೋಡಿಕೊಳ್ಳುವವರು ಯಾರು?

ಈ ಹೊತ್ತು ಅದನ್ನೇ ವಿಚಾರಿಸೋಣ. ಉದಾಹರಣೆಗೆ ಬ್ರಿಟನ್ನಿನ ಒಂದು ಸಂಘವನ್ನು ತೆಗೆದುಕೊಂಡಿದ್ದೇನೆ. ಹಕ್ಕಿಗಳ ರಕ್ಷಣೆಗಾಗಿ ಇರುವ ರಾಯಲ್ ಸೊಸೈಟಿ, ಚಿಕ್ಕದಾಗಿ ಆರ್.ಎಸ್.ಪಿ.ಬಿ. ಎನ್ನುತ್ತಾರೆ. ಅಷ್ಟು ದೂರದ ಸಂಘದ ಮಾತು ನಮಗ್ಯಾಕೆ ಅನ್ನಬೇಡಿ. ಕೊನೆಗೆ ಅದು ನಿಮ್ಮ ಕೊಟ್ಟಿಗೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಅದು ಹುಟ್ಟಿದ್ದು 1889ರಲ್ಲಿ. ಮ್ಯಾಂಚೆಸ್ಟರಿನ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಈ ಕೆಲಸಕ್ಕೆ ಕೈ ಹಾಕಿದರು. ಆ ಕಾಲಕ್ಕೆ ಅಲ್ಲಿನ ಸಿರಿವಂತ ಹೆಂಗಸರ ಟೋಪಿಗೆ ಹಕ್ಕಿಯ ಗರಿ ಇಲ್ಲದಿದ್ದರೆ ಮರ್ಯಾದೆಯೇ ಇಲ್ಲ. ನಮ್ಮ ಕೆರೆಯಂಚಿನಲ್ಲಿ ನಿಲ್ಲುವ ಬೆಳ್ಳಕ್ಕಿ ಇದೆಯಲ್ಲ, ಮರಿ ಮಾಡುವ ಕಾಲಕ್ಕೆ ಅದರ ಬೆನ್ನ ಮೇಲೆ ನೂಲಿನೆಳೆಯಂಥ ಗರಿ ಮೂಡುತ್ತದೆ. ಆ ಗರಿಗೇ ಬೆಲೆ. ಹೀಗಾಗಿ ಗೂಡಿನ ಕಾಲದಲ್ಲೇ ಹಕ್ಕಿಯನ್ನು ಹೊಡೆಯುವರು. ತಾಯಿ ಹೋದ ಮೇಲೆ ಮರಿಗಳು ಹಸಿದು ಸಾಯುವುವು. ಹಿಂದೂಸ್ಥಾನದಿಂದಲೂ ಗರಿ ಹಡಗು ಹತ್ತುತ್ತಿತ್ತು. 1902ರಲ್ಲಿ ಇಲ್ಲಿನ ಸರ್ಕಾರ ಆ ರಫ್ತನ್ನು ನಿಷೇಧಿಸಿತು.

ತಿನ್ನಲು ಕೊಂದ ಹಕ್ಕಿಯದಲ್ಲದೆ ಬೇರೆ ಹಕ್ಕಿಯ ಗರಿ ತೊಡುವುದಿಲ್ಲ ಎಂಬುದು ಸದಸ್ಯರು ಒಪ್ಪಬೇಕಾದ ಕರಾರು. ಉಷ್ಟ್ರಪಕ್ಷಿಯ ಗರಿಗೆ ಮಾತ್ರ ರಿಯಾಯಿತಿ. ಅದನ್ನು ಕೊಲ್ಲದೆಯೇ ಗರಿ ತೆಗೆಯಬಹುದಷ್ಟೆ. ನೋಡಿ, ಊರಿಗೆಲ್ಲ ಬುದ್ಧಿ ಹೇಳುವ ಮೊದಲು ತಮ್ಮ ಟೋಪಿಯನ್ನು ತಾವು ಸರಿಮಾಡಿಕೊಂಡರು. 1891ರಲ್ಲಿ ಕ್ರಾಯ್ಡನ್ನಿನ ಇಂಥದೇ ಒಂದು ಮಹಿಳಾ ಗುಂಪು ಇವರೊಡನೆ ಸೇರಿತು. ಗರಿಯ ಆಮದನ್ನು ತಡೆಯುವ ಕಾನೂನನ್ನು ಪಾರ್ಲಿಮೆಂಟು ಮಾಡಿದ್ದು 1921ರಲ್ಲಿ. ಅಂದರೆ 32 ವರ್ಷದ ಪಟ್ಟು!

ಇನ್ನು ಆಡಳಿತದ ಮಾತು. 1904ರಲ್ಲಿ ಸಂಘಕ್ಕೆ ರಾಜಸನ್ನದು ದೊರೆಯಿತು. ಸನ್ನದೆಂದರೆ ನಮ್ಮ ಸಂಘಗಳ ಬೈಲಾ ಇದ್ದ ಹಾಗೆ. ಆದರೆ ಹೆಚ್ಚು ಬಿಗಿ. ಸಂಘದ ಉದ್ದೇಶವೇನು ಎಂಬುದನ್ನು ಅದರಲ್ಲಿ ಬರೆದಿರುತ್ತದೆ. ಅಧ್ಯಕ್ಷರಿಗೆ ಮನಸ್ಸು ಬಂತೆಂದು ಅದನ್ನು ತಿದ್ದಲಾಗದು. ಸದಸ್ಯರು ಒಪ್ಪಬೇಕು, ಆಮೇಲೆ ಪ್ರಿವಿ ಕೌನ್ಸಿಲೂ ಒಪ್ಪಬೇಕು. ಈಗ ಸದಸ್ಯರ ಸಂಖ್ಯೆ 10 ಲಕ್ಷಕ್ಕೂ ಮಿಕ್ಕಿದೆ. ಅವರ ಮಹಾಸಭೆ ಒಂದು ಕೌನ್ಸಿಲನ್ನು ಆರಿಸುತ್ತದೆ. ಕೌನ್ಸಿಲಿನವರು ಧರ್ಮದರ್ಶಿಗಳು, ಅವರಿಗೆ ಸಂಬಳವಿಲ್ಲ. ದಿನದಿನದ ಕೆಲಸಕ್ಕೆ ಸಂಬಳದ ಮುಖ್ಯಾಧಿಕಾರಿ ಬೇರೆ ಇರುತ್ತಾರೆ. ಅವರು ಕೌನ್ಸಿಲಿಗೆ ಜವಾಬು ಹೇಳಬೇಕು. ಲೆಕ್ಕಪರಿಶೋಧನೆಯಾದ ಲೆಕ್ಕ ಅಚ್ಚಾಗಿ ಹೊರಬರುತ್ತದೆ, ಯಾರು ಬೇಕಾದರೂ ನೋಡಬಹುದು. ಸದಸ್ಯರ ಚಂದಾ, ಜನ ಉಯಿಲಿನಲ್ಲಿ ಬರೆದಿಟ್ಟು ಹೋಗುವ ದುಡ್ಡು, ಇವೆರಡೇ ಆದಾಯದ ದೊಡ್ಡ ಭಾಗ. ನಿಮ್ಮ ಸಂಘಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೆ: ಇಲ್ಲಿ ಡಿವಿಡೆಂಡು ಹಂಚುವ ಹಾಗಿಲ್ಲ. ಉಳಿದದ್ದೆಲ್ಲ ಮತ್ತೆ ಹಕ್ಕಿಯ ಕೆಲಸಕ್ಕೇ.

ಇವರೆಲ್ಲರ ಮೇಲೆ ಸರ್ಕಾರ ನೇಮಿಸಿದ ಧರ್ಮಸಂಸ್ಥೆಗಳ ಆಯೋಗ ಉಂಟು. ಅದರ ಕಣ್ಣು ಬರೀ ದುಡ್ಡಿನ ಮೇಲಲ್ಲ. 2023ರಲ್ಲಿ ಈ ಸಂಘ ಮೂವರು ಮಂತ್ರಿಗಳನ್ನು ಸುಳ್ಳುಗಾರರೆಂದು ಬಹಿರಂಗವಾಗಿ ಜರೆದುಬಿಟ್ಟಿತು. ಬಹಳ ಗದ್ದಲವಾಯಿತು. ಸಂಘ ಕ್ಷಮೆ ಕೇಳಿತು, ಆಯೋಗವೂ ವಿಚಾರಣೆಗೆ ತೆಗೆದುಕೊಂಡಿತು. ಧರ್ಮಸಂಸ್ಥೆ ಸರ್ಕಾರದ ನೀತಿ ತಪ್ಪೆಂದು ಹೇಳಬಹುದು. ಪಕ್ಷ ರಾಜಕೀಯಕ್ಕೆ ಇಳಿಯಬಾರದು. ಕೋಪ ಸಕಾರಣವೇ ಇದ್ದೀತು, ಆದರೆ ಚಂದಾ ಕೊಟ್ಟವರಲ್ಲಿ ಎಲ್ಲ ಪಕ್ಷದವರೂ ಇದ್ದಾರಲ್ಲ!

ಅದಿರಲಿ, ನಿಮಗೆ ಹೆಚ್ಚು ಬೇಕಾದದ್ದು ಬೇಸಾಯದ ಸಂಗತಿ. ಅಲ್ಲಿನ ಹೊಲಗದ್ದೆಯ ಹಕ್ಕಿಗಳು 1970ರಿಂದ ಈಚೆಗೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿವೆ. ಬೇಸಾಯದ ಪದ್ಧತಿ ಬದಲಾದದ್ದೇ ಮುಖ್ಯ ಕಾರಣವೆಂದು ಕಂಡುಬಂತು. ರೈತರಿಗೆ ಹೇಳಹೋದರೆ ಅವರು ಬಿಟ್ಟಾರೆಯೇ? "ನೀವು ಪಟ್ಟಣದ ಮಂದಿ. ಒಂದು ಸಾರಿ ಉತ್ತು ನೋಡಿ, ಆಮೇಲೆ ಮಾತಾಡಿ" ಎಂದು ಯಾವ ರೈತನಾದರೂ ಅಂದಾನು. ಅದಕ್ಕೆ ಸಂಘ 2000ದಲ್ಲಿ ಕೇಂಬ್ರಿಜ್‌ಷೈರಿನಲ್ಲಿ ಸುಮಾರು 450 ಎಕರೆಯ ಜಮೀನನ್ನೇ ಕೊಂಡಿತು. ಹೋಪ್ ಫಾರ್ಮ್ ಎಂದು ಹೆಸರಿಟ್ಟಿತು. ಕಾಡು ಬೆಳೆಸಲು ಅಲ್ಲ. ಗೋಧಿ ಬೆಳೆದು, ಮಾರಿ, ಲಾಭ-ನಷ್ಟದ ಲೆಕ್ಕ ಇಡಲು.

ಅಲ್ಲಿ ಮಾಡಿದ ಒಂದು ಪ್ರಯೋಗ ಕೇಳಿ. ಸ್ಕೈಲಾರ್ಕ್ ಎಂಬ ಹಕ್ಕಿ ನಮ್ಮ ನೆಲಗುಬ್ಬಿಯ ಬಳಗದ್ದು, ನೆಲದ ಮೇಲೆ ಗೂಡು ಮಾಡುತ್ತದೆ. ಚಳಿಗೆ ಮುಂಚೆ ಬಿತ್ತಿದ ಗೋಧಿ ಬೇಸಗೆ ಬರುವಷ್ಟರಲ್ಲಿ ದಟ್ಟವಾಗಿ ಎತ್ತರಕ್ಕೆ ಎದ್ದಿರುತ್ತದೆ. ಹಕ್ಕಿಗೆ ಇಳಿಯಲು ಜಾಗವಿಲ್ಲ, ಎರಡನೆಯ ಸಲ ಮರಿ ಮಾಡಲು ಅನುಕೂಲವಿಲ್ಲ. ಬಿತ್ತುವಾಗ ಕೂರಿಗೆ ಯಂತ್ರವನ್ನು ಒಂದಿಷ್ಟು ದೂರ ಎತ್ತಿ ಹಿಡಿದು, ಹೆಕ್ಟೇರಿಗೆ ಎರಡು ಕಡೆ ನಾಲ್ಕು ಮೀಟರ್ ಚದರದ ಜಾಗವನ್ನು ಬಿತ್ತದೆ ಬಿಟ್ಟರು. ಲೆಕ್ಕ ಹಾಕಿ: ಎರಡೂ ಸೇರಿ 32 ಚದರ ಮೀಟರು, ಹೆಕ್ಟೇರಿನಲ್ಲಿ 10,000. ಸಾವಿರಕ್ಕೆ ಮೂರರಷ್ಟು ನೆಲ ಹೋಯಿತು. ಇಂಥ ಬಿಡುವುಗಳು, ಬದುವಿನ ಹುಲ್ಲು, ಹೂವಿನ ಪಟ್ಟೆ ಎಲ್ಲ ಸೇರಿ, ಮೊದಲು ಹತ್ತು ಜೋಡಿಯಷ್ಟಿದ್ದ ಸ್ಕೈಲಾರ್ಕು ಹತ್ತು-ಹನ್ನೆರಡು ವರ್ಷದಲ್ಲಿ ನಾಲ್ಕು ಪಟ್ಟಿನಷ್ಟಾಯಿತು. ಗೋಧಿಯೂ ಕೈಕೊಡಲಿಲ್ಲ. ಅಲ್ಲಿನ ಹವೆಗೆ ಸರಿಹೋದದ್ದು ನಮ್ಮ ರಾಗಿ ಹೊಲಕ್ಕೆ ಹಾಗೆಯೇ ಒಪ್ಪುತ್ತದೆಂದು ನಾನು ಹೇಳಲಾರೆ. ಆದರೆ ಸಲಹೆ ಕೊಡುವವನು ನಷ್ಟದ ಭಯವನ್ನು ತನ್ನ ಮೈಮೇಲೆ ಹಾಕಿಕೊಂಡನಲ್ಲ, ಅದು ನನಗೆ ಬಹಳ ಮೆಚ್ಚಿಗೆಯಾಯಿತು.

ಈಗ ಕೊಟ್ಟಿಗೆಯ ಮಾತಿಗೆ ಬರೋಣ. 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳು ಸಾಯತೊಡಗಿದವು. ಬೆನ್ನ ಕೆಳಗೆ ಬಿಳಿ ಇರುವ ಜಾತಿ 2007ರ ಹೊತ್ತಿಗೆ ನೂರಕ್ಕೆ 99ಕ್ಕೂ ಹೆಚ್ಚು ಅಳಿದಿತ್ತು. ಸತ್ತ ದನವನ್ನು ಗಂಟೆಗಳಲ್ಲಿ ಮುಗಿಸುತ್ತಿದ್ದ ಹಕ್ಕಿ ಇಲ್ಲವಾಗಿ ಹೆಣ ಬಯಲಲ್ಲಿ ಕೊಳೆಯತೊಡಗಿತು. ಕಾರಣವನ್ನು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು: ದನಕ್ಕೆ ನೋವಿಗೆಂದು ಕೊಡುವ ಡೈಕ್ಲೋಫಿನಾಕ್. ಆ ಮದ್ದು ಮೈಯಲ್ಲಿರುವಾಗ ಸತ್ತ ದನವನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹರಿಯಾಣದ ಪಿಂಜೋರಿನಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರ ನಡೆಸಲು ನೆರವು ಕೊಟ್ಟವರಲ್ಲಿ ಇದೇ ಬ್ರಿಟನ್ನಿನ ಸಂಘವೂ ಒಂದು. ಅಲ್ಲಿನ ಯಾವುದೋ ಊರಿನ ಅಜ್ಜಿಯೊಬ್ಬರು ಕೊಟ್ಟ ಚಂದಾದಲ್ಲಿ ಒಂದು ಪಾಲು ಹೀಗೆ ನಮ್ಮ ರಣಹದ್ದಿಗೂ ಸಂದಿರಬಹುದು.

ದನಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು ಭಾರತ ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರಿಗಾಗಿ ಬರುವ ದೊಡ್ಡ ಸೀಸೆಯನ್ನು ದನಕ್ಕೆ ಬಳಸುವವರಿದ್ದರು. 2015ರಲ್ಲಿ ಆ ಸೀಸೆಯೂ ನಿಂತಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್ ಇವೆರಡನ್ನೂ ದನಗಳಿಗೆ ಕೊಡಬಾರದೆಂದಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಗಾಗಿ 2012ರಲ್ಲಿ ಧಾಮವಾಯಿತು, ಸರಿ. ಆದರೆ ಹಕ್ಕಿ ಊಟಕ್ಕೆ ಧಾಮದ ಬೇಲಿ ದಾಟಿ ನಿಮ್ಮ ಊರ ಬಯಲಿಗೇ ಬರಬೇಕು.

ಆದಕಾರಣ ದನಕ್ಕೆ ನೋವಿನ ಸೂಜಿ ಹಾಕಿಸುವಾಗ ಪಶುವೈದ್ಯರನ್ನು ಮದ್ದಿನ ಹೆಸರು ಕೇಳಿ. ಮೆಲಾಕ್ಸಿಕಾಮ್ ಆಗುತ್ತದೆಯೇ ಎಂದು ವಿಚಾರಿಸಿ. ರಣಹದ್ದಿಗೆ ಅದರಿಂದ ಅಪಾಯವಿಲ್ಲ. ಸೂಜಿ ಹಾಕಿಸಿದ ಎರಡು ಮೂರು ದಿನದಲ್ಲಿ ದನ ಸತ್ತು, ಹಾಕಿದ ಮದ್ದು ಯಾವುದೆಂದು ತಿಳಿಯದಿದ್ದರೆ, ಅದನ್ನು ಬಯಲಿಗೆ ಎಳೆದುಹಾಕದೆ ಗುಂಡಿ ತೋಡಿ ಆಳಕ್ಕೆ ಹೂಳಿಬಿಡಿ.