ಊರೆಲ್ಲ ಮ್ಯೂಟ್‌ನಲ್ಲಿದ್ದಾಗ: ವೆಸ್ಟರ್ನ್ ಸಿನಿಮಾ ನಮಗ್ಯಾಕೆ ಇಷ್ಟ?

ಕಳೆದ ವಾರದ ವಿಡಿಯೋದ ಬರಹ ರೂಪ ಇದು. ಮಧ್ಯೆ ಮಧ್ಯೆ ಗರ್ ಅಂತ ಸದ್ದು ಕೇಳಿಸಿದ್ದರೆ ಬೇಜಾರು ಮಾಡ್ಕೋಬೇಡಿ. ಪೆರುಂಗುಡಿಯಲ್ಲಿ ನಮ್ಮ ಮನೆ ಓಎಂಆರ್‌ಗೆ ಹತ್ತಿರ, ಮೆಟ್ರೋ ಕೆಲಸ ರಾತ್ರಿಯೂ ನಡೀತಿತ್ತು.

ವೆಸ್ಟರ್ನ್ ಅಂದ್ರೆ ಇಂಗ್ಲಿಷ್ ಸಿನಿಮಾ ಎಲ್ಲವೂ ಅಲ್ಲ. ಕುದುರೆ, ಟೋಪಿ, ಧೂಳು, ಸೊಂಟದಲ್ಲಿ ಪಿಸ್ತೂಲು, ಕೌಬಾಯ್ ಸಿನಿಮಾ ಅಂತೀವಲ್ಲ, ಅವು.

ಯಾಕೆ ಇಷ್ಟ ಅಂದ್ರೆ ಮೊದಲ ಉತ್ತರ ಸುಲಭ: ಬಯಲು. ದಿನಾ ಹತ್ತು ಗಂಟೆ ಎರಡು ಮಾನಿಟರ್ ನೋಡೋ ಕಣ್ಣಿಗೆ ಅಷ್ಟಗಲ ಆಕಾಶ ಸಿಕ್ಕರೆ ಅದೇ ದೊಡ್ಡದು. ಎರಡನೇದು, ಮಾತು ಕಮ್ಮಿ. ಸೆರ್ಜಿಯೋ ಲಿಯೋನೆ ಇಟಲಿಯವನು, ಅಮೆರಿಕದ ಕಥೆಯನ್ನ ಸ್ಪೇನ್‌ನಲ್ಲಿ ಶೂಟ್ ಮಾಡಿದ, ನಟರು ತಂತಮ್ಮ ಭಾಷೆಯಲ್ಲಿ ಮಾತಾಡಿದ್ರು, ಆಮೇಲೆ ಡಬ್ಬಿಂಗ್. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' (1966) ಕೊನೆಯಲ್ಲಿ ಮೂರು ಜನ ಸ್ಮಶಾನದ ನಡುವೆ ನಿಂತು ಸುಮ್ನೆ ಒಬ್ಬರನ್ನೊಬ್ಬರು ನೋಡ್ತಾರೆ. ಎನ್ನಿಯೋ ಮೊರಿಕೋನೆಯ ಸಂಗೀತ ಬಿಟ್ಟರೆ ಬೇರೇನಿಲ್ಲ. ತಮಿಳು ಬಾರದ ಹೊಸದರಲ್ಲಿ ಆಟೋದವರ ಎದುರು ನಾನೂ ಹಾಗೇ ನಿಂತಿದ್ದುಂಟು.

ಆದ್ರೆ ಬಯಲು, ಮೌನ ಇಷ್ಟೇ ಆಗಿದ್ದರೆ ಎರಡು ಸಿನಿಮಾಕ್ಕೆ ಸಾಕಾಗ್ತಿತ್ತು. ನನ್ನನ್ನ ಹಿಡಿದಿಟ್ಟಿರೋದು ಹೀರೋ ಅಲ್ಲ, ಊರಿನ ಜನ. ಬಾಗಿಲ ಸಂದಿಯಿಂದ ನೋಡ್ತಾ ನಿಲ್ಲೋರು.

'ಹೈ ನೂನ್' (1952) ನೋಡಿ. ಕಪ್ಪು-ಬಿಳುಪು, 85 ನಿಮಿಷ. ಗ್ಯಾರಿ ಕೂಪರ್ ಊರಿನ ಮಾರ್ಷಲ್, ಅಂದ್ರೆ ಅಲ್ಲಿನ ಪೊಲೀಸ್ ಅಧಿಕಾರಿ, ವಿಲ್ ಕೇನ್. ಅವತ್ತೇ ಮದುವೆ ಆಗಿದೆ, ಕೆಲಸ ಬಿಟ್ಟು ಹೊರಟಿದಾನೆ. ಹಿಂದೆ ಅವನೇ ಹಿಡಿದುಕೊಟ್ಟ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನ 12ರ ರೈಲಿಗೆ ಬರ್ತಿದಾನೆ ಅಂತ ಸುದ್ದಿ ಬರುತ್ತೆ. ಅವನ ಮೂವರು ಚೇಲಾಗಳು ಆಗಲೇ ಸ್ಟೇಷನ್‌ನಲ್ಲಿ ಕಾಯ್ತಿದಾರೆ. ಕೇನ್ ಗಾಡಿ ತಿರುಗಿಸಿಕೊಂಡು ವಾಪಸ್ ಬರ್ತಾನೆ, ಜನರನ್ನ ಕೂಡಿಸಿ ಎದುರಿಸೋಣ ಅಂತ. ಸಿನಿಮಾದ ಗಡಿಯಾರವೂ ನಮ್ಮ ಕೈಗಡಿಯಾರವೂ ಹೆಚ್ಚುಕಮ್ಮಿ ಜೊತೆಗೇ ಓಡುತ್ತೆ.

ಅವತ್ತು ಭಾನುವಾರ, ಊರೆಲ್ಲ ಚರ್ಚ್‌ನಲ್ಲಿದೆ. ಕೇನ್ ಹೋಗಿ ಸಹಾಯ ಕೇಳ್ತಾನೆ. ಕೆಲವರು ತಕ್ಷಣ ಎದ್ದು ನಿಲ್ತಾರೆ. ಅಷ್ಟರಲ್ಲಿ ಯಾರೋ 'ಒಂದ್ನಿಮಿಷ' ಅಂತಾರೆ. ಚರ್ಚೆ ಶುರು. ಪೊಲೀಸರಿಗೆ ಸಂಬಳ ಕೊಡೋದು ಇನ್ಯಾತಕ್ಕೆ ಅಂತ ಒಬ್ಬ, ಇದು ಅವರಿಬ್ಬರ ಸ್ವಂತ ಜಗಳ ಅಂತ ಇನ್ನೊಬ್ಬ. ಕೊನೆಗೆ ಕೇನ್‌ನ ಸ್ನೇಹಿತ, ಊರಿನ ದೊಡ್ಡ ಮನುಷ್ಯ ಹೆಂಡರ್ಸನ್ ಏಳ್ತಾನೆ. ಇಂಥ ಮಾರ್ಷಲ್ ನಮಗೆ ಇನ್ನು ಸಿಗಲ್ಲ ಅಂತ ಹೊಗಳ್ತಾನೆ. ಸರಿ, ಇವನು ಜೊತೆಗೆ ನಿಲ್ತಾನೆ ಅಂದ್ಕೊಳ್ತೀವಿ. ಆಮೇಲೆ ಹೇಳ್ತಾನೆ: ಉತ್ತರದ ಕಡೆಯ ದೊಡ್ಡ ಮಂದಿ ಇಲ್ಲಿ ದುಡ್ಡು ಹಾಕಿ ಅಂಗಡಿ, ಕಾರ್ಖಾನೆ ಮಾಡೋ ಯೋಚನೇಲಿದಾರೆ, ಬೀದಿಯಲ್ಲಿ ಗುಂಡು ಹಾರಿದ್ರೆ ಏನಂದುಕೊಳ್ತಾರೆ? ಅದಕ್ಕೇ ಕೇನ್ ಊರು ಬಿಟ್ಟು ಹೋಗೋದೇ ಒಳ್ಳೇದು.

ಕ್ಲೈಂಟ್ ವಿಸಿಟ್ ಇದೆ, ಈಗ ಗಲಾಟೆ ಬೇಡ ಅಂದ ಹಾಗೆ. ಸುಳ್ಳು ಹೇಳಲ್ಲ ಅವನು, ಬೈಯೋದೂ ಇಲ್ಲ. ಹೊಗಳಿಯೇ ಕಳಿಸ್ತಾನೆ. ಪಿಸ್ತೂಲು ಹಿಡಿದ ಮಿಲ್ಲರ್‌ಗಿಂತ ನನಗೆ ಭಯ ಹುಟ್ಟಿಸೋನು ಇವನು.

ಇದನ್ನ ಬರೆದ ಕಾರ್ಲ್ ಫೋರ್‌ಮನ್ ಅವರಿಗೇ ಆಗ ಹೀಗಾಗ್ತಿತ್ತು. 1951ರಲ್ಲಿ, ಈ ಸಿನಿಮಾದ ಕೆಲಸ ನಡೀತಿರುವಾಗಲೇ, ಅಮೆರಿಕದ ಸಂಸತ್ತಿನ ಸಮಿತಿ ಅವರನ್ನ ಕರೆಸಿ ಕಮ್ಯುನಿಸ್ಟ್ ಗೆಳೆಯರ ಹೆಸರು ಹೇಳು ಅಂತು. ಹೇಳಲಿಲ್ಲ. ಹಾಲಿವುಡ್ ಅವರನ್ನ ಬ್ಲ್ಯಾಕ್‌ಲಿಸ್ಟ್ ಮಾಡಿತು, ಕಂಪನಿಯ ಪಾಲುದಾರರೂ ದೂರವಾದ್ರು. ಇಂಗ್ಲೆಂಡಿಗೆ ಹೋಗಿ ನೆಲೆಸಬೇಕಾಯ್ತು. ಅದೇ ಫೋರ್‌ಮನ್ ಮುಂದೆ ಬರೆದು ನಿರ್ಮಿಸಿದ್ದೇ 'ಮೆಕೆನಾಸ್ ಗೋಲ್ಡ್' (1969). ಆ ಹೆಸರು ಹೇಳಿದ್ರೆ ನಮ್ಮ ಅಪ್ಪ, ಚಿಕ್ಕಪ್ಪಂದಿರ ಮುಖ ಅರಳುತ್ತೆ. ಅಮೆರಿಕದಲ್ಲಿ ಸೋತ ಸಿನಿಮಾ, ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗಿ ಓಡಿತು. ಅದು ಶುರುವಾಗೋದು ಬಂಡೆಗಳ ಮೇಲೆ ಹಾರೋ ಒಂದು ರಣಹದ್ದಿನಿಂದ. ರಾಮನಗರದ ರಾಮದೇವರ ಬೆಟ್ಟವೂ ಈಗ ರಣಹದ್ದುಗಳ ಅಭಯಧಾಮ, 2012ರಿಂದ. ಸುಮ್ನೆ ನೆನಪಾಯ್ತು, ಹೇಳಿದೆ.

ರಾಮನಗರ ಅಂದಮೇಲೆ 'ಶೋಲೆ' (1975) ಬರಲೇಬೇಕು. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಹೋಗೋರು ಆ ಬಂಡೆಗಳನ್ನ ನಿದ್ದೆಯಲ್ಲೇ ದಾಟ್ತೀವಿ. ಬೆಳಗಿನ ವಂದೇ ಭಾರತ್ ಹಿಡಿದ್ರೆ ಕಿಟಕಿಯಿಂದ ಆ ಕಡೆಯ ಬೆಟ್ಟಗಳು ಕಾಣುತ್ತೆ. ಕಥೆಯ ಬೇರು ಜಪಾನಿನ 'ಸೆವೆನ್ ಸಮುರಾಯ್' (1954), ಅದರಿಂದ ಹಾಲಿವುಡ್‌ನ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' (1960), ಅಲ್ಲಿಂದ ನಮ್ಮ ರಾಮನಗರ.

ಶೋಲೆಯಲ್ಲೂ ಆ ಚರ್ಚ್ ದೃಶ್ಯ ಇದೆ, ಗಮನಿಸಿದೀರಾ? ಗಬ್ಬರ್ ಇಮಾಮ್ ಸಾಹೇಬರ ಮಗನನ್ನ ಕೊಂದು ಹೆಣ ಕಳಿಸ್ತಾನೆ. ಊರವರು ಹೆದರಿ, ಜೈ-ವೀರುನ ಒಪ್ಪಿಸಿಬಿಡೋಣ ಅಂತಾರೆ. ಆಗ ಕಣ್ಣು ಕಾಣದ ಆ ಮುದುಕ, ಎ.ಕೆ. ಹಂಗಲ್, ಊರಿಗಾಗಿ ಕೊಡೋಕೆ ದೇವರು ನನಗೆ ಇನ್ನಷ್ಟು ಮಕ್ಕಳನ್ನ ಯಾಕೆ ಕೊಡಲಿಲ್ಲ ಅನ್ನೋ ಅರ್ಥದ ಮಾತಾಡಿ ನಮಾಜಿಗೆ ಹೋಗ್ತಾನೆ. ಸಭೆ ತಣ್ಣಗಾಗುತ್ತೆ. ಒಬ್ಬ ಮುದುಕ ಊರನ್ನ ತಿರುಗಿಸಿಬಿಡ್ತಾನೆ. ಹೈ ನೂನ್‌ನ ಚರ್ಚ್‌ನಲ್ಲಿ ಅಂಥವನು ಇರಲಿಲ್ಲ.

ನಾನಿದ್ದ ಒಂದು ಕಾಲ್‌ನಲ್ಲೂ ಇರಲಿಲ್ಲ. ಯಾವ ಕಂಪನಿ ಅಂತ ಹೇಳಲ್ಲ. ರಾತ್ರಿ ಪ್ರೊಡಕ್ಷನ್ ಬಿದ್ದಿತ್ತು, ಮಾರನೇ ದಿನ ರಿವ್ಯೂ. ತಪ್ಪೆಲ್ಲ ನಮ್ಮ ಟೀಮಿನ ಒಬ್ಬ ಸೀನಿಯರ್ ತಲೆಗೆ ಬಂತು, ಹಾಸನದ ಕಡೆಯವರು. ಈ ರಿಲೀಸ್ ಈಗ ಬೇಡ ಅಂತ ಅವರು ಮೂರು ದಿನ ಮುಂಚೆ ಮೇಲ್ ಹಾಕಿದ್ರು. ನನಗೂ ಸಿಸಿ ಇತ್ತು. 'ಯಾರಾದ್ರೂ ಏನಾದ್ರೂ ಸೇರಿಸ್ತೀರಾ?' ಅಂತ ಮ್ಯಾನೇಜರ್ ಕೇಳಿದ್ರು. ಹನ್ನೊಂದು ಜನ, ಹನ್ನೊಂದೂ ಮೈಕ್ ಮ್ಯೂಟ್. ನನ್ನ ಹೈಕ್ ಲೆಟರ್ ಆ ವಾರ ಬರೋದಿತ್ತು. ಎರಡು ತಿಂಗಳಲ್ಲಿ ಅವರು ಪೇಪರ್ ಹಾಕಿದ್ರು. ಬೀಳ್ಕೊಡುಗೆಯ ದಿನ ಎಲ್ಲರೂ ತುಂಬಾ ಚೆನ್ನಾಗಿ ಮಾತಾಡಿದ್ವಿ, ನಾನೂ.

ಹೈ ನೂನ್‌ನ ಕೊನೆಯಲ್ಲಿ ಗುಂಡಿನ ಸದ್ದು ನಿಂತ ಮೇಲೆ ಜನ ಬೀದಿಗೆ ಬರ್ತಾರೆ. ಕೇನ್ ಒಂದು ಮಾತೂ ಆಡದೆ ಎದೆಯ ಬ್ಯಾಡ್ಜ್ ತೆಗೆದು ಮಣ್ಣಿಗೆ ಹಾಕಿ ಹೆಂಡತಿ ಜೊತೆ ಗಾಡಿ ಹತ್ತುತ್ತಾನೆ. ಈ ಸಿನಿಮಾ ಜಾನ್ ವೇನ್‌ಗೂ ನಿರ್ದೇಶಕ ಹೋವರ್ಡ್ ಹಾಕ್ಸ್‌ಗೂ ಸ್ವಲ್ಪವೂ ಹಿಡಿಸಲಿಲ್ಲ. ಕೆಲಸ ಗೊತ್ತಿರೋ ಶೆರಿಫ್ ಊರವರ ಮುಂದೆ ಸಹಾಯ ಬೇಡ್ತಾ ಓಡಾಡ್ತಾನಾ ಅನ್ನೋದು ಹಾಕ್ಸ್ ತಕರಾರು. ಅದಕ್ಕೆ ಉತ್ತರವಾಗಿ ಇಬ್ಬರೂ ಸೇರಿ 'ರಿಯೋ ಬ್ರಾವೊ' (1959) ಮಾಡಿದ್ರು. ಮಜವಾಗಿದೆ, ಭಾನುವಾರ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು. ಆದ್ರೆ ಅಲ್ಲಿನ ವೇನ್‌ಗೆ ಸಹಾಯ ಕೇಳದೇ ಇದ್ರೂ ಸಿಗುತ್ತೆ. ಹಾಗಾಗಿ ಆ ಉತ್ತರ ನನಗೆ ಒಪ್ಪಿಗೆ ಆಗಿಲ್ಲ.

ವಿಡಿಯೋ ಮಾಡೋ ಮುಂಚೆ ಆ ಸೀನಿಯರ್‌ಗೆ ಫೋನ್ ಮಾಡಿ, ಈ ವಿಷಯ ಹೇಳಲಾ ಸರ್ ಅಂತ ಕೇಳಿದೆ. 'ಹೇಳಪ್ಪ, ಅದಕ್ಕೇನಂತೆ' ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಆ ಮೇಲ್ ಇನ್ನೂ ಇಟ್ಕೊಂಡಿದೀಯಾ?' ಅಂತ ಕೇಳಿದ್ರು.

ಇದೆ ಸರ್ ಅಂದೆ.