ಒತ್ತಕ್ಷರದ ಮುಂದೆ ನಿಂತ ಮಗು

ಪ್ರಾಥಮಿಕ ಶಾಲೆಯ ಬರೆವಣಿಗೆಯ ಪಾಠದಲ್ಲಿ ಎರಡು ವಿದ್ಯೆಗಳು ಕೂಡಿಕೊಂಡಿವೆ. ಅಕ್ಷರವನ್ನು ಕ್ರಮವಾಗಿ ಮೂಡಿಸುವುದು ಕೈಯ ವಿದ್ಯೆ; ತಿದ್ದುವುದು, ನಕಲು, ಶುದ್ಧಬರೆಹ, ಉಕ್ತಲೇಖನಗಳು ಇದಕ್ಕೆ ಸೇರಿದವು. ಮನಸ್ಸಿನಲ್ಲಿರುವುದನ್ನು ವಾಕ್ಯವಾಗಿ ನಿಲ್ಲಿಸುವುದು ರಚನೆಯ ವಿದ್ಯೆ. ಕಥೆ, ಪತ್ರ, ಪ್ರಬಂಧಗಳು ಇದರವು. ಮೊದಲನೆಯದು ಸಂಪೂರ್ಣವಾಗಿ ಸಿದ್ಧಿಸಿದ ಮೇಲೆಯೇ ಎರಡನೆಯದಕ್ಕೆ ಕೈಹಾಕಬೇಕೆಂಬ ನಂಬಿಕೆ ಬಹುಜನರಲ್ಲಿ ದೃಢವಾಗಿದೆ. ಅದು ಏಕೆ ಸಲ್ಲದೆಂಬುದನ್ನು ತಿಳಿಯಬೇಕಾದರೆ, ಕನ್ನಡದ ಮಗುವಿನ ಕೈ ಎಲ್ಲಿ ತಡೆದು ನಿಲ್ಲುತ್ತದೆಂಬುದನ್ನು ಮೊದಲು ನೋಡಬೇಕು.

ಕೂಲಿಮಠಗಳ ಕಾಲದಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಕೈ ಕುದುರಿದ ಮೇಲೆ ಕಡತಕ್ಕೆ, ಎಂದರೆ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಹಚ್ಚಿ ಒಣಗಿಸಿದ ಬಟ್ಟೆಗೆ, ಬಳಪ ಹಿಡಿದು ಬರುತ್ತಿದ್ದರು. ಆಮೇಲೆ ಸ್ಲೇಟು ಬಂತು, ಅದರ ಹಿಂದೆಯೇ ನೋಟುಪುಸ್ತಕವೂ ಬಂತು. ಸಲಕರಣೆ ಬದಲಾದರೂ ವರ್ಣಮಾಲೆಯ 49 ಅಕ್ಷರಗಳನ್ನು ಅಕಾರದಿಂದ ಳಕಾರದವರೆಗೆ ಅದೇ ಅನುಕ್ರಮದಲ್ಲಿ ಬರೆಯಿಸುವ ಪದ್ಧತಿ ಬಹುಕಾಲ ನಿಂತಿತು. ಕಂಠದಿಂದ ಹೊರಟು ತುಟಿಗೆ ಬಂದು ಮುಟ್ಟುವ ವರ್ಗಾಕ್ಷರಗಳ ಆ ಅನುಕ್ರಮ ಧ್ವನಿಶಾಸ್ತ್ರದ ದೃಷ್ಟಿಯಿಂದ ಎಷ್ಟು ಸುಂದರವೆಂದರೆ, ಅದನ್ನು ವಿವರಿಸುವಾಗಲೆಲ್ಲ ನನಗೆ ಹೊಸದಾಗಿ ಸಂತೋಷವಾಗುತ್ತದೆ; ಆದರೆ ಅದು ಬಾಯಿಯ ಅನುಕ್ರಮ, ಕೈಯದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭಿಸುವುದು ಇದನ್ನರಿತೇ. ಐದೇ ಅಕ್ಷರಗಳನ್ನು ಕಲಿತ ಮಗು ಅರಸ, ಅಗಸ, ದಸರ, ಗರಗಸ ಎಂಬ ಸಾರ್ಥಕವಾದ ಪದಗಳನ್ನು ಆಗಲೇ ಬರೆಯಬಲ್ಲದು.

ಗುಣಿತಾಕ್ಷರಗಳ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಅಭ್ಯಾಸದಿಂದ ಅವು ಒಲಿಯುತ್ತವೆ. ನಿಜವಾದ ತೊಡಕಿರುವುದು ಒತ್ತಕ್ಷರದಲ್ಲಿ. ಉಪಾಧ್ಯಾಯರೂ ತಂದೆತಾಯಿಗಳೂ ಮಗುವನ್ನು ಅತ್ಯಂತ ಅನ್ಯಾಯವಾಗಿ ಗದರಿಸುವುದೂ ಇಲ್ಲಿಯೇ.

‘ರಸ್ತೆ’ ಎಂಬ ಪದವನ್ನು ತೆಗೆದುಕೊಳ್ಳಿ. ಮಗು ದಿನವೂ ನಡೆಯುವ, ದಿನವೂ ಆಡುವ ಮಾತು. ರಕಾರ ಮುಗಿದ ಮೇಲೆ ಬಾಯಿ ಮೊದಲು ಸಕಾರವನ್ನು, ಆಮೇಲೆ ತಕಾರವನ್ನು, ಕಡೆಯಲ್ಲಿ ಎಕಾರವನ್ನು ನುಡಿಯುತ್ತದೆ. ಕೈಯಾದರೋ ಸಕಾರವನ್ನು ಬರೆದು, ಕಡೆಯಲ್ಲಿ ಕೇಳಿಸುವ ಎಕಾರದ ಚಿಹ್ನೆಯನ್ನು ತಂದು ಆ ಸಕಾರದ ತಲೆಗೇರಿಸಿ, ನಡುವೆ ಕೇಳಿಸಿದ ತಕಾರವನ್ನು ಎಲ್ಲಕ್ಕಿಂತ ಕೊನೆಗೆ ಕೆಳಗೆ ಇಳಿಸಬೇಕು. ಕಿವಿಗೆ ‘ತೆ’ ಎಂಬುದು ಒಂದಾಗಿ ಕೇಳುತ್ತದೆ. ಕಣ್ಣಿಗೆ ‘ಸೆ’ ಎಂಬುದು ಒಂದಾಗಿ ಕಾಣುತ್ತದೆ. ಓದುಬರೆಹದಲ್ಲಿ ಪಳಗಿದ ನಮಗೆ ಈ ವ್ಯತ್ಯಾಸ ಅರಿವಿಗೇ ಬರುವುದಿಲ್ಲ. ಏಕೆಂದರೆ ನಾವು ಪದವನ್ನು ಕೇಳಿ ಬರೆಯುವುದಿಲ್ಲ, ನೆನೆದು ಬರೆಯುತ್ತೇವೆ. ಇನ್ನೂ ಕೇಳಿಯೇ ಬರೆಯುತ್ತಿರುವ ಮಗು ‘ರಸತೆ’ ಎಂದು ಬರೆದರೆ, ಅದು ಪದವನ್ನು ನಿಧಾನವಾಗಿ ಬಿಡಿಸಿ ಕೇಳಿಸಿಕೊಂಡಿದೆ ಎಂದರ್ಥ. ‘ರತ್ಸೆ’ ಎಂದು ಬರೆದರೆ, ‘ತೆ’ ಎಂಬುದನ್ನು ಕೇಳಿದಂತೆಯೇ ಇಡಿಯಾಗಿ ಉಳಿಸಿಕೊಂಡು, ಮಿಕ್ಕ ಸಕಾರಕ್ಕೆ ಕೆಳಗೆ ಸ್ಥಳವನ್ನು ಹುಡುಕಿದೆ ಎಂದರ್ಥ. ಈ ಎರಡನೆಯ ತಪ್ಪನ್ನು ಕಂಡಾಗ ಕೆಂಪು ಗೀಟು ಎಳೆಯುವುದಕ್ಕೆ ಮೊದಲು ಉಪಾಧ್ಯಾಯನು ಒಂದು ಕ್ಷಣ ನಿಂತು ಅದನ್ನು ಮೆಚ್ಚಬೇಕು. ಅದರಲ್ಲಿ ಅಷ್ಟು ಶುದ್ಧವಾದ ವಿಚಾರವಿದೆ.

ಇಂಥ ತಪ್ಪಿಗೆ ‘ಇಪ್ಪತ್ತು ಸಲ ಬರೆ’ ಎಂಬ ಶಿಕ್ಷೆ ಆ ಒಂದು ಪದವನ್ನು ಕಲಿಸೀತು. ಮರುದಿನ ‘ಕುಸ್ತಿ’ ಬಂದಾಗ ಮಗು ಮತ್ತೆ ಅಲ್ಲಿಯೇ ನಿಂತಿರುತ್ತದೆ. ಪದವನ್ನು ಚಪ್ಪಾಳೆಯೊಡನೆ ರಸ್-ತೆ, ಕುಸ್-ತಿ, ಆಸ್-ತಿ ಎಂದು ಒಡೆದು ಹೇಳಿಸಿ, ಯಾವ ವ್ಯಂಜನ ಮೊದಲು ಬಂತೆಂದು ಮಗುವಿನ ಬಾಯಿಂದಲೇ ಹೊರಡಿಸಿ, ಮೊದಲು ಬಂದದ್ದು ಮೇಲೆ, ಆಮೇಲೆ ಬಂದದ್ದು ಕೆಳಗೆ, ಸ್ವರ ಮಾತ್ರ ಮೇಲಿನದರ ಪಾಲು ಎಂಬ ಸೂತ್ರವನ್ನು ತಾನೇ ಕಂಡುಕೊಳ್ಳುವಂತೆ ಮಾಡುವುದು ಮೇಲು. ಒತ್ತುಗಳ ಆಕಾರವೂ ಕಾಣುವಷ್ಟು ಭಯಂಕರವಲ್ಲ. ತ, ನ, ಮ, ಯ, ರ, ಲ ಎಂಬ ಆರರ ಒತ್ತುಗಳು ಮಾತ್ರ ಮೂಲಾಕ್ಷರವನ್ನು ಹೋಲದೆ ಬೇರೆಯಾಗಿ ನಿಂತಿವೆ; ಮಿಕ್ಕವು ಬಹುಮಟ್ಟಿಗೆ ತಲಕಟ್ಟನ್ನು ಕಳೆದುಕೊಂಡ ಮೂಲಾಕ್ಷರಗಳ ಚಿಕ್ಕ ರೂಪಗಳೇ. ಆರನ್ನು ಬಲವಾಗಿ ಕಲಿಸಿದರೆ ಉಳಿದವನ್ನು ಮಕ್ಕಳು ಊಹಿಸಿಯೇ ಬರೆಯುತ್ತಾರೆ, ಆ ಊಹೆ ಸರಿಯಾದಾಗ ಹಿಗ್ಗುತ್ತಾರೆ.

ಸೂತ್ರವು ಮನಸ್ಸಿಗೆ ಹತ್ತಿತೆನ್ನುವಷ್ಟರಲ್ಲಿ ಅರ್ಕಾವೊತ್ತು ಬರುತ್ತದೆ. ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯುವ ರಕಾರವು, ಯಕಾರವನ್ನು ಬರೆದಾದ ಮೇಲೆ, ಅದರ ಬಲಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಈವರೆಗೆ ಕಲಿತ ಸೂತ್ರವನ್ನು ನಂಬಿದ ಮಗು ರಕಾರವನ್ನು ಪೂರ್ಣವಾಗಿ ಬರೆದು ಅದರ ಕೆಳಗೆ ಯಕಾರದ ಒತ್ತನ್ನು ಕೊಡುತ್ತದೆ. ಆ ರೂಪವೂ ಕನ್ನಡದ ಬರೆಹದಲ್ಲಿ ಬಳಕೆಯಲ್ಲಿರುವುದೇ ಆದ್ದರಿಂದ ಅದನ್ನು ಹೊಡೆದುಹಾಕುವ ಕಾರಣವಿಲ್ಲ. ಅರ್ಕಾವೊತ್ತು ಪ್ರತ್ಯೇಕವಾದ ಒಂದು ರೂಢಿಯೆಂದು ಹೇಳಿ ತೋರಿಸಿದರೆ ಸಾಕು.

ಇಷ್ಟನ್ನು ತಿಳಿದವರಿಗೆ ರಚನೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೈಯಲ್ಲಿ ತುಳುಕುವ ಚೊಂಬನ್ನು ಹಿಡಿದು ಇನ್ನೊಂದು ಕೈಯಲ್ಲಿ ಬೀಗ ತೆಗೆಯಹೊರಟವನಂತೆ, ಹೇಳಬೇಕೆಂದುಕೊಂಡ ವಾಕ್ಯವನ್ನು ನೆನಪಿನಲ್ಲಿ ಹಿಡಿದೇ ಮಗು ಒತ್ತಕ್ಷರವನ್ನು ಬಿಡಿಸುತ್ತಿರುತ್ತದೆ. ಅಕ್ಷರ ಸರಿಹೋಗುವ ಹೊತ್ತಿಗೆ ವಾಕ್ಯ ಚೆಲ್ಲಿಹೋಗಿರುತ್ತದೆ. ಬಾಯಲ್ಲಿ ಜಾತ್ರೆಯ ಕಥೆಯನ್ನು ಅರ್ಧಗಂಟೆ ಹೇಳಬಲ್ಲ ಬಾಲಕಿ ಹಾಳೆಯ ಮೇಲೆ ‘ಜಾತ್ರೆಗೆ ಹೋದೆ. ಚೆನ್ನಾಗಿತ್ತು’ ಎಂದು ನಿಲ್ಲಿಸಿದರೆ, ಅವಳಿಗೆ ಹೇಳಲು ಏನೂ ಇಲ್ಲವೆಂದು ತೀರ್ಮಾನಿಸಬಾರದು. ಆದುದರಿಂದ ಮೊದಲ ವರ್ಷದಿಂದಲೇ ಮಗು ಹೇಳಿದ್ದನ್ನು ಉಪಾಧ್ಯಾಯನೇ ಹಲಗೆಯ ಮೇಲೆ ಬರೆಯಲಿ. ಮುಂದೆ ಮಗುವೇ ಬರೆಯುವಾಗ, ಕಥೆ ಮುಗಿಯುವವರೆಗೆ ಕಾಗುಣಿತವನ್ನು ತಿದ್ದದಿರಲಿ.

ತಿದ್ದಿ ಚೆನ್ನಾಗಿ ಬರೆಯಬೇಕೆಂಬ ಅಪೇಕ್ಷೆ ಓದುವವರಿದ್ದಾರೆಂಬುದರಿಂದ ಹುಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಹೆಚ್ಚು ಹೊತ್ತು ಮಾತನಾಡಲಾರದವನಾಗಿದ್ದ ಫ್ರಾನ್ಸಿನ ಉಪಾಧ್ಯಾಯ ಸೆಲೆಸ್ತಿನ್ ಫ್ರೆನೆ, 1924ರಲ್ಲಿ ಬಾರ್-ಸ್ಯುರ್-ಲೂ ಎಂಬ ಹಳ್ಳಿಯ ತನ್ನ ತರಗತಿಗೆ ಸಣ್ಣದೊಂದು ಅಚ್ಚಿನ ಯಂತ್ರವನ್ನು ತಂದಿಟ್ಟನು. ಮಕ್ಕಳು ತಾವು ಕಂಡದ್ದನ್ನು ಬರೆದು, ಅಚ್ಚುಮೊಳೆಗಳನ್ನು ತಾವೇ ಜೋಡಿಸಿ ಮುದ್ರಿಸಿ, ಬೇರೆ ಊರಿನ ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. ಅಚ್ಚುಮೊಳೆ ನಮ್ಮಲ್ಲಿ ಇಲ್ಲದಿದ್ದರೇನು, ಕೈಬರೆಹದ ಪತ್ರಿಕೆಯೂ ಗೋಡೆಪತ್ರಿಕೆಯೂ ಉಂಟಷ್ಟೆ. ಅವನ್ನು ವಾರ್ಷಿಕೋತ್ಸವದ ಅಲಂಕಾರವನ್ನಾಗಿ ಮಾಡದೆ ವಾರವಾರವೂ ನಡೆಸಬೇಕು.

ಈ ವಿಷಯದಲ್ಲಿ ಶಾಲೆಯ ಒಳಗಿರುವವರೇ ಮಾಡಬಹುದಾದ ಅಧ್ಯಯನ ಬಹಳವಿದೆ. ಹಳೆಯ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ, ಅದು ತನ್ನ ಮನೆಯ ನುಡಿಗೆ ಪ್ರಾಮಾಣಿಕವಾಗಿದೆ. ‘ರತ್ಸೆ’ ಎಂಬುದು ಲಿಪಿಯಿಂದ ಹುಟ್ಟಿದ ತಪ್ಪು. ಇವೆರಡಕ್ಕೂ ಚಿಕಿತ್ಸೆ ಒಂದೇ ಆಗಲಾರದು. ಈ ಭೇದವನ್ನು ಬೋಧಿಸುವ ಸಾಮಗ್ರಿಯೆಲ್ಲ ಮಕ್ಕಳ ನೋಟುಪುಸ್ತಕಗಳಲ್ಲಿದ್ದು, ವರ್ಷದ ಕೊನೆಯಲ್ಲಿ ರದ್ದಿಯ ಅಂಗಡಿಗೆ ಹೋಗುತ್ತಿದೆ. ಪ್ರತಿಯೊಬ್ಬ ಉಪಾಧ್ಯಾಯರೂ ತರಗತಿಯ ಕೆಲವು ಪುಸ್ತಕಗಳನ್ನಾದರೂ ಉಳಿಸಿ, ಮಗುವಿನ ಮನೆಮಾತನ್ನೂ ಬರೆದ ತಾರೀಖನ್ನೂ ಅವುಗಳ ಮೇಲೆ ಗುರುತಿಸಿ, ಒತ್ತಕ್ಷರದ ತಪ್ಪುಗಳನ್ನು ಒಂದು ಪಟ್ಟಿಯಾಗಿಯೂ ಹಕಾರ ಮಹಾಪ್ರಾಣಗಳವನ್ನು ಇನ್ನೊಂದಾಗಿಯೂ ಬರೆದಿಟ್ಟುಕೊಂಡು, ಧಾರವಾಡದ ಕಡೆಯವರೂ ಕರಾವಳಿಯವರೂ ಮಾಡಿದ ಪಟ್ಟಿಗಳೊಡನೆ ಹೋಲಿಸಿ ನೋಡಲೆಂದು ಪ್ರಾರ್ಥಿಸುತ್ತೇನೆ.