ಸೋಯಾ ಅವರೆಯ ಬಿತ್ತನೆಗೆ ಕೂರಿಗೆಯನ್ನು ಅಳೆಯುವ ಕ್ರಮ

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಮುಂಗಾರಿನ ಸೋಯಾ ಅವರೆಯನ್ನು ಅನೇಕರು ಟ್ರ್ಯಾಕ್ಟರ್ ಕೂರಿಗೆಯಿಂದ ಬಿತ್ತುವರು. ಕೂರಿಗೆಯನ್ನು ಅಳೆಯದೆ ಹೊಲಕ್ಕಿಳಿಸಿದರೆ ಬೀಜವು ಹೆಚ್ಚು ಬಿದ್ದು ಹಣ ವ್ಯರ್ಥವಾಗುವುದು. ಇಲ್ಲವೆ ಕಡಮೆ ಬಿದ್ದು, ಸಾಲು ತೆಳುವಾಗಿ ಕಳೆ ಬಲಿಯುವುದು. ಹದ ಮೀರಿದ ಮೇಲೆ ಈ ತಪ್ಪನ್ನು ತಿದ್ದುವುದು ದುಸ್ಸಾಧ್ಯ.

ಮೊದಲು ನೂರು ಬೀಜಗಳನ್ನು ಒದ್ದೆ ಗೋಣಿಯಲ್ಲಿ ಆರೇಳು ದಿನ ಸುತ್ತಿಟ್ಟು ಮೊಳಕೆಯನ್ನು ಎಣಿಸತಕ್ಕದ್ದು. ಎಪ್ಪತ್ತು ಮೊಳೆತರೆ ಎಕರೆಗೆ 25 ಕಿಲೋಗ್ರಾಂ ಸಾಕು. ಅರವತ್ತೇ ಮೊಳೆತರೆ 29 ಕಿಲೋಗ್ರಾಂ ಬೇಕಾಗುವುದು.

ಬಳಿಕ ಗಾಲಿಯು ನೆಲಕ್ಕೆ ತಾಗದಂತೆ ಕೂರಿಗೆಯನ್ನು ಎತ್ತಿ ನಿಲ್ಲಿಸಿ, ಬೀಜ ತುಂಬಿ, ಪ್ರತಿಯೊಂದು ಕೊಳವೆಗೂ ಚೀಲ ಕಟ್ಟಬೇಕು. 30 ಸೆಂಟಿಮೀಟರ್ ಅಂತರದ ಒಂಬತ್ತು ತಾಳಿನ ಕೂರಿಗೆಯು 2.7 ಮೀಟರ್ ಅಗಲ ಬಿತ್ತುವುದು. ಬೀಜ ಬೀಳಿಸುವ ಗಾಲಿಯ ಸುತ್ತಳತೆ 1.5 ಮೀಟರ್ ಇದ್ದರೆ, ಒಂದು ಸುತ್ತಿಗೆ ಎಕರೆಯ ಸಾವಿರದಲ್ಲೊಂದು ಪಾಲು ಬಿತ್ತನೆಯಾಗುವುದು. ಆದಕಾರಣ ಎಕರೆಗೆ 25 ಕಿಲೋಗ್ರಾಂ ಬೀಳಬೇಕಾದರೆ, 20 ಸುತ್ತಿಗೆ ಒಟ್ಟು 500 ಗ್ರಾಂ, ಒಂದೊಂದು ಚೀಲದಲ್ಲಿ ಸುಮಾರು 55 ಗ್ರಾಂ ಬೀಳತಕ್ಕದ್ದು. ವ್ಯತ್ಯಾಸವಾದರೆ ಬೀಜ ಬೀಳುವ ಕಂಡಿಯನ್ನು ಹೆಚ್ಚುಕಡಮೆ ಮಾಡಿ ಪುನಃ ಅಳೆಯಬೇಕು. ಒಂದೇ ಚೀಲದಲ್ಲಿ ಕೊರತೆ ಕಂಡರೆ ಆ ಕೊಳವೆಯು ಕಟ್ಟಿದೆಯೇ ಎಂದು ನೋಡತಕ್ಕದ್ದು. ಈ ಬೀಜದ ಸಿಪ್ಪೆಯು ಬಹು ತೆಳುವಾದುದರಿಂದ, ಚೀಲದಲ್ಲಿ ಒಡೆದ ಕಾಳುಗಳಿವೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಹೊಲದಲ್ಲಿ ಗಾಲಿಯು ಜಾರುವುದುಂಟು. ಆದುದರಿಂದ ಮೊದಲ ಸಾಲಿನ ಮಣ್ಣನ್ನು ಸರಿಸಿ ನೋಡಬೇಕು. ನೂರು ಕಾಳು 12 ಗ್ರಾಂ ತೂಗುವ ಬೀಜವಾದರೆ, ಮೀಟರಿಗೆ ಸುಮಾರು 15 ಕಾಳುಗಳು 3–4 ಸೆಂಟಿಮೀಟರ್ ಆಳದಲ್ಲಿರತಕ್ಕದ್ದು.

ಬಾಡಿಗೆಯ ಕೂರಿಗೆಯು ಒಂದೇ ವಾರದಲ್ಲಿ ಹಲವು ಹೊಲಗಳನ್ನು ಬಿತ್ತುವುದು. ಅದರ ತಪ್ಪು ಊರಿಗೆಲ್ಲ ಹರಡುವುದು. ಆದಕಾರಣ ಗ್ರಾಮದ ಮುಖಂಡರು ಮಳೆಗೆ ಮುಂಚೆಯೇ ಈ ಅಳತೆಯನ್ನು ತಮ್ಮ ಸಮಕ್ಷಮದಲ್ಲಿ ಮಾಡಿಸುವುದು ಶ್ರೇಯಸ್ಕರ.